ಗ್ಯಾಲರಿಯ ಕೆಳಗಿನ ಮನೆ

ನಮ್ಮ ಮನೆಗೆ ಮೂರೇ ಗೋಡೆಗಳು ನೆಟ್ಟಗಿದ್ದವು. ನಾಲ್ಕನೆಯ ಕಡೆ ಸೂರೇ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದು ನೆಲಕ್ಕೆ ಸೇರುತ್ತಿತ್ತು. ಪುಣೆಯ ಆ ದೊಡ್ಡ ಫುಟ್‌ಬಾಲ್ ಕ್ರೀಡಾಂಗಣದಲ್ಲಿ, ಪೂರ್ವದ ಗ್ಯಾಲರಿಯ ಹೊಟ್ಟೆಯೊಳಗೆ, ಹುಲ್ಲು ನೋಡಿಕೊಳ್ಳುವ ಮಾಳಿಗೆ, ಅಂದರೆ ಅಪ್ಪನಿಗೆ, ಬಿಟ್ಟುಕೊಟ್ಟ ಎರಡು ಕೋಣೆ ಅದು. ಎತ್ತರವಿದ್ದ ಕಡೆ ಒಲೆ, ನೀರಿನ ಕೊಡಗಳು. ಅಪ್ಪ ತಲೆ ತಗ್ಗಿಸಬೇಕಾದ ಕಡೆ ನಮ್ಮ ಹಾಸಿಗೆ. ಯಾರೂ ನಿಲ್ಲಲಾರದ ಕೊನೆಯ ಮೂಲೆಯಲ್ಲಿ ಸುಣ್ಣದ ಚೀಲಗಳು, ಹರಿದ ಗೋಲಿನ ಬಲೆ, ಮೈದಾನದ ಮೂಲೆಗೆ ನೆಡುವ ಬಾವುಟಗಳು. ಬಲೆ ಹರಿದರೆ ಹೊಲಿಯುವವಳು ಅವ್ವ. ಕೌದಿ ಹೊಲಿಯುವ ದಪ್ಪ ಸೂಜಿಯಲ್ಲೇ ಅದನ್ನೂ ಹೊಲಿದುಬಿಡುತ್ತಿದ್ದಳು. ಇಷ್ಟಾಗಿ ಅವಳು ಒಂದು ಪಂದ್ಯವನ್ನೂ ಹೊರಗೆ ಬಂದು ನೋಡಿದವಳಲ್ಲ. ತಲೆಯ ಮೇಲಿನ ಕಾಲುಗಳ ಸದ್ದಿನಿಂದಲೇ ಚೆಂಡು ಯಾವ ಕಡೆ ಇದೆಯೆಂದು ಹೇಳುತ್ತಿದ್ದಳು. ಜನ ಎದ್ದು ನಿಲ್ಲುವ ಮೊದಲೇ ಜೋಳದ ಹಿಟ್ಟಿನ ಮೇಲೆ ಪರಾತ ಬೋರಲು ಹಾಕುತ್ತಿದ್ದಳು. ಗೋಲು ಆದರೆ ಸೂರಿನಿಂದ ಸಿಮೆಂಟಿನ ಪುಡಿ ಉದುರುತ್ತಿತ್ತು.

ಅಪ್ಪ ಧಾರವಾಡದ ಕಡೆಯವನು. ಅಲ್ಲಿಯ ಕಾಲೇಜೊಂದರ ಮೈದಾನದಲ್ಲಿ ಅವನು ಬೆಳೆಸಿದ ಹುಲ್ಲು ನೋಡಿ ಮೆಚ್ಚಿದ ಅಧಿಕಾರಿಯೊಬ್ಬರು ಅವನನ್ನು ಪುಣೆಗೆ ಕರೆತಂದರಂತೆ. ಆಗಿನ್ನೂ ಗ್ಯಾಲರಿಗಳಿಗೆ ಕಲ್ಲು ಹೊರುತ್ತಿದ್ದರು. ಅದಕ್ಕೂ ಮೊದಲು ಅಲ್ಲಿ ಕುದುರೆಗಳನ್ನು ಓಡಿಸುತ್ತಿದ್ದರು ಎಂದು ಅಪ್ಪ ಹೇಳುತ್ತಿದ್ದ. ಹಾರೆ ಹಾಕಿದಲ್ಲೆಲ್ಲ ಅವನಿಗೆ ತುಕ್ಕು ಹಿಡಿದ ಲಾಳಗಳು ಸಿಕ್ಕಿದ್ದವು. ದೇಶದ ದೊಡ್ಡ ಪಂದ್ಯಗಳೆಲ್ಲ ಇನ್ನು ಇಲ್ಲಿಯೇ ಎಂದು ಸರಕಾರ ಹೇಳಿತ್ತು. ಕೆಲವು ನಡೆದವು ಕೂಡ. ಉಳಿದ ದಿನಗಳಲ್ಲಿ ಆ ಮೈದಾನ ಯಾರು ಕೇಳಿದರೋ ಅವರದಾಗುತ್ತಿತ್ತು. ಮಂತ್ರಿಗಳ ಸಭೆ, ಮಹಾರಾಜರೊಬ್ಬರ ಏಳು ದಿನಗಳ ಪ್ರವಚನ, ಪೊಲೀಸ್ ಭರತಿಯ ಓಟ, ಶಾಲೆಗಳ ಕವಾಯತು, ಸಿನಿಮಾದವರ ಸಂಜೆ. ಮಂಟಪದ ಗೂಟಗಳನ್ನು ಕಿತ್ತು ಲಾರಿಗಳು ಹೋದ ಮೇಲೆ ಅಪ್ಪ ಮೊಣಕಾಲೂರಿ ಒಂದೊಂದೇ ತೂತಿಗೆ ಮಣ್ಣು ತುಂಬಿ, ಗರಿಕೆಯ ಬೇರು ಊರಿ, ಅಂಗೈಯಿಂದ ತಟ್ಟುತ್ತ ಹೋಗುತ್ತಿದ್ದ. ನನ್ನನ್ನು ಆ ಹುಲ್ಲಿನ ಮೇಲೆ ಕಾಲಿಡಲು ಬಿಡುತ್ತಿರಲಿಲ್ಲ. ಸುಣ್ಣದ ಗೆರೆಯ ಆಚೆ ನಿಂತು ಅವನಿಗೆ ಚಹಾ ಕೊಡಬೇಕು, ಲೋಟ ತೆಗೆದುಕೊಂಡು ಬರಬೇಕು, ಅಷ್ಟೇ.

ನಾನು ಮನೆಗೆ ಒಬ್ಬಳೇ. ನನ್ನ ನಂತರ ಹುಟ್ಟಿದ ತಂಗಿ ಹನ್ನೊಂದನೆಯ ದಿನ ಹೋಗಿಬಿಟ್ಟಿತು. ಅವ್ವ ಆ ಕೂಸಿನ ಮಾತನ್ನು ಎಂದೂ ಎತ್ತಲಿಲ್ಲ. ಆದರೆ ಅದಕ್ಕೆಂದು ಹೊಲಿದ ಅಂಗೈಯಗಲದ ತುಣುಕುಗಳ ಕೌದಿ ಟ್ರಂಕಿನ ತಳದಲ್ಲಿತ್ತು. ವರ್ಷಕ್ಕೊಮ್ಮೆ ಅದನ್ನು ಬಿಸಿಲಿಗೆ ಹಾಕಿ, ಒಣಗಿದ ಮೇಲೆ ಒಳಗಿಡುತ್ತಿದ್ದಳು.

ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಮಳೆ ಹಿಡಿದದ್ದು ಬಿಡಲಿಲ್ಲ. ಧರಣದ, ಅಂದರೆ ಅಣೆಕಟ್ಟಿನ, ನೀರು ಬಿಟ್ಟರು, ನದಿ ದಂಡೆಯ ವಸ್ತಿಗಳು ಮುಳುಗಿದವು. ಮಧ್ಯಾಹ್ನದ ಹೊತ್ತಿಗೆ ಟ್ರಕ್ಕುಗಳು ನಮ್ಮ ಗೇಟಿಗೆ ಬಂದು ನಿಂತವು. ನೆನೆದ ಹಾಸಿಗೆ, ಹೊಲಿಗೆಯ ಮಶೀನು, ಕೋಳಿ, ದೇವರ ಫೋಟೊ ಹಿಡಿದು ಜನ ಇಳಿದರು. ಆಟಗಾರರು ಬಟ್ಟೆ ಬದಲಿಸುವ ಕೋಣೆ, ಟಿಕೀಟಿನ ಕೋಣೆ, ಗ್ಯಾಲರಿಯ ಕೆಳಗಿನ ಪಡಸಾಲೆ ಎಲ್ಲ ತುಂಬಿದವು. ಅಪ್ಪ ಮೊದಲ ದಿನ ಹುಲ್ಲಿನ ಸುತ್ತ ಹಗ್ಗ ಕಟ್ಟಿದ. ಎರಡನೆಯ ದಿನ ಮಳೆ ನಿಂತಾಗ ಒಬ್ಬ ಮುದುಕಿ ಹಗ್ಗದ ಹತ್ತಿರ ಬಂದು, ಕೈಯಲ್ಲಿದ್ದ ಒದ್ದೆ ಸೀರೆಯನ್ನು ತೋರಿಸಿ, ಇಲ್ಲಿ ಒಣಹಾಕಲೇ ಎಂದು ಮರಾಠಿಯಲ್ಲಿ ಕೇಳಿದಳು. ಅಪ್ಪ ಅವಳ ಮುಖ ನೋಡಿದ. ಆಮೇಲೆ ತಾನೇ ಹಗ್ಗ ಬಿಚ್ಚಿ ಸುತ್ತಿ ಹೆಗಲಿಗೆ ಹಾಕಿಕೊಂಡು ಬಂದ. ಸಂಜೆಯ ಹೊತ್ತಿಗೆ ಇಡೀ ಮೈದಾನದ ತುಂಬ ಸೀರೆಗಳು ಹಾಸಿದ್ದವು.

ಸುಮನ್ ನಮ್ಮ ಮನೆಗೆ ಬಂದದ್ದು ಹಾಗೆ. ಅವ್ವ ದೊಡ್ಡ ಪಾತೇಲಿಯಲ್ಲಿ ಅನ್ನ ಬಸಿಯುತ್ತಿದ್ದಳು. ಯಾರದೋ ಸೆರಗಿನ ತುದಿ ಹಿಡಿದು ನಾಲ್ಕು ವರ್ಷದ ಹುಡುಗಿಯೊಂದು ಸಾಲಿನಲ್ಲಿ ನಿಂತಿತ್ತು. ಬಡಿಸುವಾಗ ಆ ಹೆಂಗಸು ತಿರುಗಿ ನೋಡಿ, ಇದು ನನ್ನದಲ್ಲ ಎಂದಳು. ಟ್ರಕ್ಕು ಹತ್ತುವಾಗ ಸೆರಗು ಹಿಡಿದದ್ದು ಬಿಟ್ಟಿರಲಿಲ್ಲವಂತೆ. ವಿಚಾರಿಸಿದರೆ, ಮಗುವಿನ ತಾಯಿ ತಂದೆ ಕಟ್ಟಡ ಕೆಲಸಕ್ಕೆಂದು ಹೊಸದಾಗಿ ಬಂದವರು, ಗುಡಿಸಲು ನೀರಿನ ಅಂಚಿಗೇ ಇತ್ತು, ಅವರ ಊರು ಯಾವುದೆಂದು ಯಾರಿಗೂ ತಿಳಿಯದು. ಹೆಸರು ಮಾತ್ರ ಒಬ್ಬಳಿಗೆ ಗೊತ್ತಿತ್ತು. ಪರಿಹಾರ ಕಚೇರಿಯ ಅಧಿಕಾರಿಣಿಯೊಬ್ಬರು ಬಂದು ಹೆಸರು ಬರೆದುಕೊಂಡರು. ಅವರನ್ನು ಎಲ್ಲರೂ ಬಾಯೀಸಾಹೇಬ ಎನ್ನುತ್ತಿದ್ದರು. ಬೇರೆ ವ್ಯವಸ್ಥೆಯಾಗುವವರೆಗೆ ಇಲ್ಲೇ ಇರಲಿ ಎಂದು ಅವರೇ ಅವ್ವನಿಗೆ ಹೇಳಿದರು. ಒಂಬತ್ತು ದಿನ ಸುಮನ್ ಬಾಯಿಯೇ ಬಿಡಲಿಲ್ಲ. ಹತ್ತನೆಯ ದಿನ ಅವ್ವ ಟ್ರಂಕು ತೆರೆದು ಆ ಸಣ್ಣ ಕೌದಿಯನ್ನು ತೆಗೆದಳು. ಅದು ಹುಡುಗಿಯ ಮೊಣಕಾಲಿನವರೆಗಷ್ಟೇ ಬರುತ್ತಿತ್ತು. ಕಾಲು ಮುದುಡಿ ಅದರೊಳಗೇ ಮಲಗಿತು. ಮರುದಿನ ಬೆಳಿಗ್ಗೆ, ನಾನು ಕರೆಯುವುದನ್ನು ಕೇಳಿ ಕೇಳಿ ಕಲಿತಿರಬೇಕು, ಅವ್ವನನ್ನು "ಅವ್ವಾ" ಎಂದು ಕರೆಯಿತು. ಅವ್ವ ಲಟ್ಟಣಿಗೆ ಕೆಳಗಿಟ್ಟು ಗೋಡೆಯ ಕಡೆ ತಿರುಗಿ ಕೂತಳು.

ತಿಂಗಳೊಪ್ಪತ್ತಿನಲ್ಲಿ ಜನರೆಲ್ಲ ಹೋದರು. ಹುಲ್ಲು ಸತ್ತು ನೆಲ ಕೆಸರಾಗಿತ್ತು. ಅಪ್ಪ ಮತ್ತೆ ಮೊದಲಿನಿಂದ ಶುರುಮಾಡಿದ. ವ್ಯವಸ್ಥೆ ಎಂಬುದು ಆಗಲಿಲ್ಲ, ಸುಮನ್ ನಮ್ಮಲ್ಲಿಯೇ ಉಳಿದಳು. ನಾನು ಮೊದಲು ಖುಷಿಪಟ್ಟೆ. ಆಮೇಲೆ ನನ್ನ ಹಳೆಯ ಫ್ರಾಕುಗಳು ಅವಳ ಮೈಮೇಲೆ ಹೊಸದರಂತೆ ಕಾಣತೊಡಗಿದವು. ಅವ್ವನ ಪಕ್ಕದ ನನ್ನ ಜಾಗ ಅವಳದಾಯಿತು. ಅವ್ವ ನನ್ನ ಹೆರಳು ಹಾಕುವಾಗ ಅವಳು ಬಂದು ತೊಡೆಯ ಮೇಲೆ ಕೂತರೆ, ಹೆರಳು ಅರ್ಧಕ್ಕೇ ನಿಲ್ಲುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಟ್ಟವನು ಅಪ್ಪ. ಹೊಸ ಹುಲ್ಲು ಹಸಿರಾದ ದಿನ ಸುಮನ್ ಗೆರೆ ದಾಟಿ ಓಡಿದಳು. ನಾನು ಬಯ್ಗುಳ ಬೀಳುತ್ತದೆಂದು ಕಾದೆ. ಅಪ್ಪ ನೀರಿನ ಪೈಪು ಹಿಡಿದು ನಿಂತಿದ್ದವನು ನಗುತ್ತ ಹೇಳಿದ:

"ಓಡಲಿ ಬಿಡು. ಎಷ್ಟ್ ಭಾರ ಅದಾಳ ಅಕಿ? ಗುಬ್ಬಿ ಕುಂತಂಗ."

ನಾನೂ ಕಾಲಿಟ್ಟೆ.

"ಏ ಶಕ್ಕೂ, ನೀ ಬ್ಯಾಡ. ನೀ ದೊಡ್ಡಾಕಿ."

ಒಂಬತ್ತು ವರ್ಷಕ್ಕೆ ನಾನು ದೊಡ್ಡವಳಾದದ್ದು ಹಾಗೆ.

ಮುಂದಿನ ಬೇಸಿಗೆಯಲ್ಲಿ ಯಾವುದೋ ಸಭೆಗೆ ಮಂಟಪ ಹಾಕಲು ಕೂಲಿಯವರು ಕಬ್ಬಿಣದ ಗೂಟ ಬಡಿಯುತ್ತಿದ್ದರು. ಬಚ್ಚಲಲ್ಲಿ ಅವ್ವ ಸುಮನ್‌ಗೆ ನೀರು ಹಾಕುತ್ತಿದ್ದಳು, ನಾನು ಟವೆಲು ಹಿಡಿದು ನಿಂತಿದ್ದೆ. ಆ ಬಡಿತ ಕೇಳುತ್ತ ಸುಮನ್ ತಟ್ಟನೆ ಮರಾಠಿಯಲ್ಲಿ, ನನ್ನ ಮಾಮಾ ಹೀಗೇ ಬಡಿಯುತ್ತಾನೆ, ತಾಮ್ರದ ಕೊಡ ಮಾಡುತ್ತಾನೆ, ಭೋರ್‌ನಲ್ಲಿ, ಎಂದಳು. ಭೋರ್ ಪುಣೆಯಿಂದ ದೂರದ ಊರೇನಲ್ಲ, ಬೆಳಗಿನ ಎಸ್‌ಟಿ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಹೋಗಿ ಬರಬಹುದು. ಅವ್ವನ ತಂಬಿಗೆ ಮೇಲೆಯೇ ನಿಂತಿತು. ಒದ್ದೆ ಕೈಯಿಂದ ಹುಡುಗಿಯ ಬಾಯಿ ಮುಚ್ಚಿ, ನನ್ನನ್ನು ನೋಡಿದಳು.

"ಶಕ್ಕೂ, ಇದನ್ನ ಯಾರ ಮುಂದೂ ಹೇಳಬ್ಯಾಡವಾ. ನನ್ನ ಮ್ಯಾಲೆ ಆಣಿ ಅದ."

ಅಪ್ಪನಿಗೆ ಮಾತ್ರ ಅವಳೇ ಹೇಳಿದಳು. ಮುಚ್ಚಿಡುವುದು ಅವಳಿಗೆ ಬರುತ್ತಿರಲಿಲ್ಲ. ಅಪ್ಪ ಊಟದ ತಾಟಿನ ಮುಂದೆ ಕೂತವನು ಕೈ ತೊಳೆದು ಎದ್ದ. ನಮ್ಮ ಮನೆಯಲ್ಲಿ ಜಗಳವೆಂದರೆ ಮಾತು ಮೆತ್ತಗಾಗುವುದು, ಯಾಕೆಂದರೆ ಆ ಸೂರಿನ ಕೆಳಗೆ ಎಲ್ಲ ಮಾತೂ ಎರಡೆರಡು ಸಲ ಕೇಳುತ್ತಿತ್ತು.

"ಕೂಸಿಗೆ ಮಂದಿ ಅದಾರ ಅಂತ ಗೊತ್ತಾದ ಮ್ಯಾಲೂ ಇಟ್ಟುಕೊಂಡ್ರ ಅದು ಕಳವು ಆಗ್ತದ," ಎಂದ ಅಪ್ಪ.

"ಕಳವಂದ್ರ ಕಳವು. ನಾ ಹೋಗಿ ತಂದೇನೇನ್ರಿ? ಹೊಳಿ ನಮ್ಮ ಬಾಗಲಿಗೆ ತಂದು ಬಿಟ್ಟದ."

"ಆ ಮಾಮಾ ಹುಡಕ್ತಿರಬೇಕಲ್ಲ."

"ಹುಡಕಿದ್ರ ಇಷ್ಟ್ ದಿನದಾಗ ಬರತಿದ್ದ. ಒಂದ್ ಮಾತ್ ಕೇಳತೇನ್ರಿ. ಒಮ್ಮೆ ಕೊಟ್ಟೇನಿ. ಎರಡನೇ ಸಲ ನನ್ನ ಕೈಲೆ ಆಗೂದಿಲ್ಲ."

ಮೈದಾನದ ಗೆರೆ ಬೆರಳಷ್ಟು ಸೊಟ್ಟಗಾದರೂ ಅಳಿಸಿ ಹೊಸದಾಗಿ ಎಳೆಯುವ ಮನುಷ್ಯ ಅಪ್ಪ. ಅವನು ಆ ದಿನ ತಾಟು ಬಿಟ್ಟು ಹೊರಗೆ ಹೋದ. ಮುಂದೆ ಬಾಯೀಸಾಹೇಬರು ಒಂದು ಸಲ ಬಂದು, ಮಗುವಿಗೇನಾದರೂ ನೆನಪಾಯಿತೇ ಎಂದು ಕೇಳಿದಾಗ, ಇಲ್ರಿ, ಎಂದ. ಹೇಳುವಾಗ ಅವನು ನೆಲ ನೋಡುತ್ತಿದ್ದ.

ಮಳೆಗಾಲ ಕಳೆದು, ನೆರೆಯ ನಂತರದ ಮೊದಲ ದೊಡ್ಡ ಪಂದ್ಯಾವಳಿ ಬಂತು. ಬೇರೆ ಬೇರೆ ರಾಜ್ಯಗಳ ತಂಡಗಳು ಬಂದವು, ಗೇಟಿಗೆ ಬಣ್ಣ ಬಳಿದರು. ಉದ್ಘಾಟನೆಯ ದಿನ ಎರಡು ತಂಡಗಳ ನಾಯಕರಿಗೆ ಹೂಗುಚ್ಛ ಕೊಡಲು ಹುಡುಗಿಯೊಬ್ಬಳು ಬೇಕಾಗಿದ್ದಳು, ಮಾಳಿಯ ಮಗಳೇ ಕೊಡಲಿ ಎಂದು ಕ್ರೀಡಾಂಗಣದ ಮ್ಯಾನೇಜರ್ ಹೇಳಿದ್ದರು. ನಾನು ಹದಿನೈದು ದಿನ ಮನೆಯೊಳಗೆ ಲೋಟ ಹಿಡಿದು ನಡೆಯುವುದನ್ನು ಅಭ್ಯಾಸ ಮಾಡಿದೆ. ಅಂದು ನಾನು ಗೆರೆ ದಾಟಿ ಮೈದಾನದ ನಟ್ಟನಡುವಿನವರೆಗೆ ಹುಲ್ಲಿನ ಮೇಲೆ ನಡೆಯಬೇಕಿತ್ತು, ಅಪ್ಪ ನೋಡುತ್ತಿರುವಾಗಲೇ. ಅವ್ವ ತನ್ನ ಇಳಕಲ್ ಸೀರೆಯ ಸೆರಗು ಕತ್ತರಿಸಿ ನನಗೆ ಪರಕರ, ಉದ್ದ ಲಂಗ, ಹೊಲಿದಿದ್ದಳು. ಬೆಳಿಗ್ಗೆ ಮ್ಯಾನೇಜರ್ ಬಂದರು, ಜೊತೆಗೆ ಪೇಪರಿನವರೊಬ್ಬರು. ನನ್ನನ್ನೂ ಸುಮನ್‌ಳನ್ನೂ ನೋಡಿದರು. ನೆರೆಯಲ್ಲಿ ಉಳಿದ ಹುಡುಗಿ ಹೂ ಕೊಟ್ಟರೆ ಫೋಟೊ ಚೆನ್ನಾಗಿ ಬರುತ್ತದೆ ಎಂದು ಇಬ್ಬರೂ ಮಾತಾಡಿಕೊಂಡರು. ಅವ್ವ ನನ್ನ ಪರಕರ ಬಿಚ್ಚಿ, ನಡುವಿಗೆ ನೆರಿಗೆ ಹಿಡಿದು ಅವಳಿಗೆ ಉಡಿಸಿದಳು.

"ನೀ ಶ್ಯಾಣ್ಯಾಕಿ ಅಲ್ಲ? ಮುಂದಿನ ಸಲ ನಿನಗ."

ಸುಮನ್ ಹುಲ್ಲಿನ ಮೇಲೆ ನಡೆದಳು. ಜನ ಚಪ್ಪಾಳೆ ತಟ್ಟಿದರು. ಮಧ್ಯಂತರದಲ್ಲಿ ಅತಿಥಿಗಳು ಚಹಾಕ್ಕೆಂದು ನಮ್ಮ ಬಾಗಿಲಿನ ಮುಂದಿನ ನೆರಳಿಗೆ ಬಂದರು. ಬಾಯೀಸಾಹೇಬರೂ ಇದ್ದರು. ಸುಮನ್‌ಳ ಗಲ್ಲ ಹಿಡಿದು, ಪಾಪ, ಇದಕ್ಕೆ ಯಾರೂ ಇಲ್ಲವಲ್ಲ, ಎಂದರು. ಅವ್ವ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿದ್ದಳು. ನಾನು ಶಾಲೆಯಲ್ಲಿ ಪಾಠ ಒಪ್ಪಿಸುವ ದನಿಯಲ್ಲಿ, ಸ್ಪಷ್ಟ ಮರಾಠಿಯಲ್ಲಿ ಹೇಳಿದೆ:

"ತಿಚಾ ಮಾಮಾ ಆಹೇ. ಭೋರಲಾ. ತಾಂಬ್ಯಾಚೀ ಭಾಂಡೀ ಕರತೋ."

ಅವಳ ಸೋದರಮಾವ ಇದ್ದಾನೆ, ಭೋರ್‌ನಲ್ಲಿ, ತಾಮ್ರದ ಪಾತ್ರೆ ಮಾಡುತ್ತಾನೆ. ಅವ್ವ ತಟ್ಟೆ ಹಿಡಿದೇ ಹೊಸ್ತಿಲು ದಾಟಿ ಬಂದಳು. ಅವಳು ಎಲ್ಲರಿಗೂ ಚಹಾ ಕೊಟ್ಟಳು.

ಮಾಮಾ ಐದನೆಯ ದಿನ ಬಂದ. ಅವನು ಕೆಟ್ಟವನಾಗಿದ್ದರೆ ನಾನು ಇದನ್ನು ಬರೆಯುವುದು ಸುಲಭವಾಗುತ್ತಿತ್ತು. ಬಿಳಿ ಟೋಪಿ ಹಾಕಿದ ತೆಳ್ಳಗಿನ ಮನುಷ್ಯ, ಬೆರಳುಗಳೆಲ್ಲ ಸುಟ್ಟ ಕಲೆ. ಹೊಸ ತಾಮ್ರದ ತಂಬಿಗೆಯೊಂದನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದ. ತಂಗಿ, ಅವಳ ಗಂಡ, ಮಗು ಮೂವರೂ ಹೋದರೆಂದು ವಿಧಿಗಳನ್ನೂ ಮಾಡಿ ಮುಗಿಸಿದ್ದನಂತೆ. ಸುಮನ್‌ಳನ್ನು ನೋಡಿದವನೇ ನಮ್ಮ ಹೊಸ್ತಿಲಲ್ಲಿ ಕುಸಿದು ಕೂತು, ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡು ಅತ್ತ. ಅವಳಿಗೆ ಅವನ ಗುರುತು ಸಿಗಲಿಲ್ಲ. ಉಳಿದಿದ್ದ ಅಷ್ಟಿಷ್ಟು ಮರಾಠಿಯೂ ಆ ಹೊತ್ತಿಗೆ ಅವಳ ನಾಲಗೆಯಿಂದ ಹೋಗಿಬಿಟ್ಟಿತ್ತು. ಅವ್ವನ ಕಾಲು ಅಪ್ಪಿಕೊಂಡು ಒಂದೇ ಮಾತು ಹೇಳುತ್ತಿದ್ದಳು:

"ನಾ ಒಲ್ಲೆ ಅವ್ವಾ. ನಾ ಒಲ್ಲೆ."

ಮರಾಠಿಯಲ್ಲಿ 'ಓಲೇ' ಎಂದರೆ ಒದ್ದೆ. ಅವನು ಗಾಬರಿಯಿಂದ ಅವಳ ಫ್ರಾಕಿನ ಅಂಚು ಮುಟ್ಟಿ ನೋಡಿದ. ಒಣಗಿಯೇ ಇತ್ತು. ಅವನು ನನ್ನ ಕಡೆ ತಿರುಗಿ ಕೇಳಿದ:

"ಕಾಯ ಮ್ಹಣತೇ ಗ ಪೋರಿ?"

ಏನು ಹೇಳುತ್ತಿದ್ದಾಳೆ? ಅಪ್ಪ ಅಲ್ಲಿರಲಿಲ್ಲ, ಮೈದಾನಕ್ಕೆ ಹೋಗಿಬಿಟ್ಟಿದ್ದ. ಅವ್ವನ ಕಣ್ಣು ನನ್ನ ಮೇಲಿತ್ತು.

"ಯೇತೇ ಮ್ಹಣತೇ," ಎಂದೆ. ಬರುತ್ತೇನೆ ಎನ್ನುತ್ತಿದ್ದಾಳೆ.

ಅವನ ಮುಖ ಅರಳಿತು. ಆ ಎರಡು ಮಾತಿನ ಮರಾಠಿ ಅವ್ವನಿಗೂ ಗೊತ್ತಿತ್ತು. ಅವಳು ನನ್ನನ್ನು ತಿದ್ದಲಿಲ್ಲ. ಬಾಗಿ, ತನ್ನ ಕಾಲು ಸುತ್ತಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಸಣ್ಣ ಕೌದಿಯನ್ನು ಮಡಿಸಿ ಮಾಮಾನ ಚೀಲದಲ್ಲಿಟ್ಟಳು. ಸುಮನ್‌ಳ ಕೂಗು ಗೇಟಿನವರೆಗೂ ಕೇಳಿತು, ಆಮೇಲೆ ರಸ್ತೆಯ ಸದ್ದಿನಲ್ಲಿ ಸೇರಿಹೋಯಿತು. ಅಪ್ಪ ಆಚೆಯ ಗೋಲಿನ ಹತ್ತಿರ ಬೆನ್ನು ಮಾಡಿ ಕೂತು, ತೂತೇ ಇಲ್ಲದ ಕಡೆ ಹುಲ್ಲು ಊರುತ್ತಿದ್ದ.

ಅವ್ವ ನನ್ನನ್ನು ಹೊಡೆಯಲಿಲ್ಲ, ಬಯ್ಯಲಿಲ್ಲ. ಮರುದಿನ ನನ್ನ ಹೆರಳನ್ನು ನಡುವೆ ನಿಲ್ಲಿಸದೆ ಪೂರ್ತಿ ಹಾಕಿದಳು. ರಿಬ್ಬನ್ ಕಟ್ಟಿ, ಆಯ್ತು ಹೋಗು, ಎಂದಳು. ನನಗೆ ಬೇಕಾದ ಜಾಗವೆಲ್ಲ ಮತ್ತೆ ನನ್ನದಾಯಿತು, ಮತ್ತು ಅಲ್ಲಿ ಯಾರೂ ಇರಲಿಲ್ಲ.

ಎರಡು ವಾರದ ಮೇಲೆ ಮಾಮಾನ ಕಾರ್ಡು ಬಂತು. ಅವ್ವನಿಗೂ ಅಪ್ಪನಿಗೂ ಮರಾಠಿ ಓದಲು ಬಾರದು, ಪತ್ರ ಓದುವ ಕೆಲಸ ನನ್ನದು. ಮಗು ಉಣ್ಣುತ್ತಿಲ್ಲ, ದಿನವೂ ಬಾಗಿಲಿಗೆ ಹೋಗಿ ನಿಲ್ಲುತ್ತದೆ, ನಮಗೆ ತಿಳಿಯದ ಮಾತಾಡುತ್ತದೆ, ಅದರ ಅರ್ಥ ದಯವಿಟ್ಟು ಬರೆದು ತಿಳಿಸಿರಿ, ಎಂದು ಅವನು ಬರೆದಿದ್ದ. ಕೆಳಗೆ ಆ ಮಾತನ್ನು ಕೇಳಿದ ಹಾಗೆಯೇ ಮರಾಠಿ ಅಕ್ಷರಗಳಲ್ಲಿ ಬರೆದಿದ್ದ: ನಾ ಅವ್ವನ ಕಡೆ ಹೋಗ್ತೇನಿ. ಕಾರ್ಡು ಹಿಡಿದ ನನ್ನ ಎದುರಿಗೆ ಅವ್ವ ಸೆರಗಿನಲ್ಲಿ ಕೈ ಸುತ್ತಿಕೊಂಡು ಕೂತಿದ್ದಳು.

"ಏನ್ ಬರದಾರ?"

"ಸುಮನ್ ಆರಾಮ ಅದಾಳಂತ. ಸಾಲಿಗೆ ಹಾಕ್ತಾರಂತ."

ಅವ್ವ ತಲೆಯಾಡಿಸಿ ಒಲೆಯ ಕಡೆ ಹೋದಳು. ನಾನು ಕಾರ್ಡನ್ನು ನನ್ನ ಭೂಗೋಳದ ಪುಸ್ತಕದಲ್ಲಿ ಬಚ್ಚಿಟ್ಟೆ, ಉತ್ತರ ಬರೆಯಲಿಲ್ಲ. ಆ ಮಾತಿನ ಅರ್ಥ ಹೇಳಿದರೆ ಅವನು ಅವಳನ್ನು ಮರಳಿ ಕರೆತರುತ್ತಾನೆಂಬ ಹೆದರಿಕೆ ಒಂದು ಕಡೆ; ಅವಳು ಬಂದರೆ ನನ್ನ ಸುಳ್ಳು ಹೊರಬೀಳುತ್ತದೆಂಬ ಹೆದರಿಕೆ ಇನ್ನೊಂದು ಕಡೆ. ತಿಂಗಳಾದ ಮೇಲೆ ಇನ್ನೊಂದು ಕಾರ್ಡು ಬಂತು. ಅದರಲ್ಲಿ, ಈಗ ಮಗು ಉಣ್ಣುತ್ತಿದೆ, ಬಾಗಿಲಿಗೆ ಹೋಗುವುದಿಲ್ಲ, ಆ ಮಾತನ್ನು ಬಿಟ್ಟಿದೆ, ನಿಮ್ಮ ಉಪಕಾರ ಮರೆಯುವುದಿಲ್ಲ, ಎಂದಿತ್ತು. ಇದನ್ನು ಇದ್ದ ಹಾಗೆಯೇ ಓದಿದೆ. ಆಮೇಲೆ ಕಾರ್ಡುಗಳು ಬರಲಿಲ್ಲ.

ನಾನು ಮುಂದೆ ಓದಿ, ಕೋರ್ಟಿನಲ್ಲಿ ದುಭಾಷಿಯಾದೆ. ಗಡಿಯ ಕಡೆಯಿಂದ ಬಂದ ಸಾಕ್ಷಿಗಳ ಕನ್ನಡವನ್ನು ಮರಾಠಿಗೆ, ಮರಾಠಿಯನ್ನು ಕನ್ನಡಕ್ಕೆ ಹೇಳುವ ಕೆಲಸ. ಸಾಕ್ಷಿ ಬಿಕ್ಕಿದರೆ ಬಿಕ್ಕಿದಳೆಂದೂ ಹೇಳುತ್ತೀರಲ್ಲ ಎಂದು ವಕೀಲರೊಬ್ಬರು ನಕ್ಕಿದ್ದರು. ನನಗೆ ನಗು ಬರಲಿಲ್ಲ. ಅಪ್ಪ ನಿವೃತ್ತನಾದ ಮೇಲೆ ಪುಣೆಯ ಬಿಬವೇವಾಡಿಯಲ್ಲಿ ಒಂದು ಸಣ್ಣ ಮನೆ ಮಾಡಿದೆವು. ಅಲ್ಲಿ ನೆಟ್ಟಗಿದ್ದ ನಾಲ್ಕು ಗೋಡೆಗಳ ನಡುವೆ ಅಪ್ಪನಿಗೆ ನಿದ್ದೆ ಹತ್ತಲು ಬಹಳ ದಿನ ಬೇಕಾದವು. ಅವನು ಹೋದ ಮೇಲೆ ಅವ್ವ ಮತ್ತು ನಾನು ಉಳಿದೆವು.

ಹೋದ ಚಳಿಗಾಲದಲ್ಲಿ ಪೇಪರಿನಲ್ಲಿ ಪೂರ್ವದ ಗ್ಯಾಲರಿ ಕೆಡವುವ ಸುದ್ದಿ ಓದಿ ಅವ್ವನಿಗೆ ಹೇಳಿದೆ. ನೋಡಬೇಕು ಎಂದಳು. ರಿಕ್ಷಾದಲ್ಲಿ ಕರೆದುಕೊಂಡು ಹೋದೆ. ಮೈದಾನಕ್ಕೆ ಈಗ ಪ್ಲಾಸ್ಟಿಕ್ಕಿನ ಹುಲ್ಲು. ಆಡುವವರು ತಾಸಿನ ಲೆಕ್ಕದಲ್ಲಿ ಬಂದು ಆಡಿ ಹೋಗುತ್ತಾರೆ, ಪಾರ್ಕಿಂಗ್ ಜಾಗದಲ್ಲಿ ಮದುವೆಗಳಾಗುತ್ತವೆ. ಅವ್ವ ಬಾಗಿ ಆ ಹುಲ್ಲನ್ನು ಮುಟ್ಟಿ, ಕೈ ಮೂಸಿ ನೋಡಿದಳು. ನಮ್ಮ ಕೋಣೆಗಳ ಬಾಗಿಲು ಕಿತ್ತಿದ್ದರು. ಅದರ ಎದುರಿನ ಮೆಟ್ಟಿಲಿನ ಮೇಲೆ ಇಬ್ಬರೂ ಕೂತೆವು. ಅಲ್ಲಿ ನಾನು ಅವಳಿಗೆ ಎಲ್ಲವನ್ನೂ ಹೇಳಿದೆ. ಕಾರ್ಡಿನಲ್ಲಿ ನಿಜವಾಗಿ ಏನಿತ್ತು ಎಂಬುದನ್ನೂ. ಐವತ್ತು ವರ್ಷ ಹೊತ್ತದ್ದು, ಹೇಳಲು ಎರಡು ನಿಮಿಷವೂ ಹಿಡಿಯಲಿಲ್ಲ.

"ಗೊತ್ತದ," ಎಂದಳು ಅವ್ವ.

ನಾನು ಅವಳ ಮುಖ ನೋಡಿದೆ.

"ನಿನ್ನ ಪುಸ್ತಕದಾಗ ಇತ್ತಲ್ಲ. ಗೇಟಿನ ಕಾವಲುಗಾರನ ಹೇಣ್ತಿ ಕಡೆ ಒಯ್ದು ಓದಿಸಿದೆ. ಅಕೀ ಕಡೆಯಿಂದನ ಉತ್ತರ ಬರಸಿದೆ."

"ಏನಂತ ಬರಸಿದಿ ಯವ್ವ?"

"ಅಕಿ ಅವ್ವನ ಕಡೆ ಹೋಗ್ತೇನಿ ಅನ್ನಾಕತ್ತಾಳ, ಅಂತ. ಪುಣೇದಾಗಿನ ಅವ್ವನೂ ತೀರಿಕೊಂಡ್ಳು ಅಂತ ಕೂಸಿಗೆ ಹೇಳಿಬಿಡ್ರಿ, ಅಂತ. ಹಾದಿ ಕಾಯೂದು ಬಿಟ್ರ ಉಣ್ಣತದಲ್ಲ, ಅದಕ್ಕ. ಶ್ಯಾಣ್ಯಾ ಮನಷ್ಯಾ ಅಂವಾ. ಹಂಗ ಹೇಳಿರಬೇಕು."

ಮೈದಾನದಲ್ಲಿ ಯಾರೋ ಸೀಟಿ ಊದಿದರು. ಹುಡುಗಿಯರ ತಂಡವೊಂದು ಆಟ ನಿಲ್ಲಿಸಿ ನೀರು ಕುಡಿಯಲು ಬಂತು. ಅವರು ಮತ್ತೆ ಆಟಕ್ಕೆ ಹೋಗುವವರೆಗೆ ಅವ್ವ ನನ್ನ ಬೆನ್ನಿನ ಮೇಲೆ ಕೈ ಇಟ್ಟುಕೊಂಡೇ ಇದ್ದಳು. ಆಮೇಲೆ ನಾನು, ಭೋರ್‌ಗೆ ಹೋಗೋಣ, ನಾಳೆಯೇ ಹೋಗೋಣ, ಅವಳು ಅಲ್ಲಿಯೇ ಇರಬಹುದು, ಯಾರನ್ನು ಕೇಳಿದರೂ ತಾಮ್ರದವರ ಮನೆ ತೋರಿಸುತ್ತಾರೆ, ಎಂದೆ.

ಅವ್ವ ಮೊಣಕಾಲು ಹಿಡಿದು ನಿಧಾನವಾಗಿ ಎದ್ದಳು. ಸೀರೆಗೆ ಹತ್ತಿದ ಸಿಮೆಂಟಿನ ಧೂಳು ಕೊಡವಿದಳು.

"ಹುಚ್ಚಿ," ಎಂದಳು. "ಸತ್ತಾಕಿ ಹೆಂಗ ಹೋಗ್ಲಿ?"